ಹಾಳೆಯ ಬೆನ್ನಿನ ನೆರಳು

"ತಿರುಗಿಸಬೇಡಿ!"

ಉಪ ಕ್ಯುರೇಟರ್ ಕೂಗಿದ ರಭಸಕ್ಕೆ ಹೊರಗೆ ನೆಲ ಒರೆಸುತ್ತಿದ್ದವಳು ಕೂಡ ಬಕೆಟ್ ಕೆಳಗಿಟ್ಟು ಇಣುಕಿದಳು. ಭೂತಗನ್ನಡಿ ಎಂದೇ ಎಲ್ಲರೂ ಕರೆಯುವ ಹೆಂಗಸಿನ ಕೈಗಳು ಗಾಳಿಯಲ್ಲೇ ನಿಂತವು. ಆ ಕೈಗಳಲ್ಲಿ ಒಂದು ದಪ್ಪ ಹಾಳೆ. ಹಾಳೆಯ ಮೇಲೆ ಒಣಗಿಸಿ ಅಂಟಿಸಿದ ಒಂದು ಆರ್ಕಿಡ್ ಗಿಡ, ಬೇರುಗಡ್ಡೆಯ ಸಮೇತ.

"ಏನ್ರೀ, ಎದೆ ಒಡೆಯೋ ಹಾಗೆ ಕೂಗ್ತೀರಿ?"

"ಇಲ್ಲಿ ಹಾಳೆ ಮಗುಚೋ ಹಾಗಿಲ್ಲ ಮೇಡಂ. ಪುಸ್ತಕದ ಪುಟ ಅಲ್ಲ ಅದು. ಮಗುಚಿದ್ರೆ ಎಲೆ ಉದುರುತ್ತೆ, ಹೂವು ಉದುರುತ್ತೆ, ಆಮೇಲೆ ನನ್ನ ಕೆಲಸಾನೂ ಉದುರುತ್ತೆ. ಎರಡೂ ಕೈಯಲ್ಲಿ ಎತ್ತಬೇಕು, ಮುಖ ಮೇಲಿದ್ದ ಹಾಗೇ ಪಕ್ಕಕ್ಕಿಡಬೇಕು. ಮೊದಲನೇ ದಿನ ಕಲಿಸೋ ಪಾಠ ಇದು."

"ಯಾರೂ ತಿರುಗಿಸಲ್ವಾ? ಯಾವತ್ತೂ?"

"ಯಾಕೆ ತಿರುಗಿಸ್ತಾರೆ? ಗಿಡ ಇರೋದು ಮುಂದೆ, ಚೀಟಿ ಇರೋದು ಮುಂದೆ. ಹಿಂದೇನಿದೆ? ಬರೀ ಕಾಗದ."

ಭೂತಗನ್ನಡಿ ಹಾಳೆಯನ್ನು ಮೇಜಿನ ಮೇಲೆ ಹಗುರಾಗಿ ಇಳಿಸಿದಳು. ವಿಮಾ ಕಂಪನಿಯ ಪರಿಹಾರ ವಿಭಾಗದಲ್ಲಿ ಅರ್ಧ ಆಯಸ್ಸು ಕಳೆದವಳು ಅವಳು. ಸುಟ್ಟ ಗೋದಾಮು, ಮುಳುಗಿದ ಲಾರಿ, ಸತ್ತಂತೆ ನಟಿಸಿದ ಗಂಡ, ಎಲ್ಲದರ ಒಳಗುಟ್ಟು ಬಗೆದವಳು ಎಂದು ಸಹೋದ್ಯೋಗಿಗಳು ಇಟ್ಟ ಹೆಸರು ಅದು. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ. ಆ ವಿಭಾಗದಲ್ಲಿ ಕೂತವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಯಾವ ಕಾಗದ ಕೈಗೆ ಬಂದರೂ ಮೊದಲು ಹಿಂಬದಿ ನೋಡುವುದು.

ಒಣಸಸ್ಯಗಳ ಈ ಸಂಗ್ರಹಾಲಯದಲ್ಲಿ ಅವಳು ಹುಡುಕುತ್ತಿದ್ದುದು ಇಷ್ಟೇ. ಬಾಚಣಿಗೆ ಆರ್ಕಿಡ್ ಎಂದು ಇಲ್ಲಿಯವರು ಕರೆಯುವ ಕಾಡುಗಿಡವೊಂದು ಒಂದೇ ಒಂದು ಗುಡ್ಡದಲ್ಲಿ ಬೆಳೆಯುತ್ತಿತ್ತು ಎನ್ನುವುದಕ್ಕೆ ಜಗತ್ತಿನಲ್ಲಿರುವ ಸಾಕ್ಷಿ ಇಲ್ಲಿಯ ಒಂದೇ ಹಾಳೆ. ಆ ಗುಡ್ಡದಲ್ಲಿ ಕಲ್ಲುಗಣಿ ನಡೆಸುವ ಅರ್ಜಿ ಬಂದಾಗ ಹೊರಗಿನ ತಜ್ಞರೊಬ್ಬರು ಆ ಹಾಳೆಯನ್ನು ನೋಡಿ, ಇದು ಬಾಚಣಿಗೆ ಆರ್ಕಿಡ್ ಅಲ್ಲವೇ ಅಲ್ಲ, ಎಲ್ಲ ಕಡೆ ಸಿಗುವ ಅದರ ಸಾದಾ ದಾಯಾದಿ ಎಂದು ಬರೆದುಕೊಟ್ಟಿದ್ದರು. ಗಿಡವನ್ನು ಗುಡ್ಡದಿಂದ ತಂದು ಹೆಸರಿಟ್ಟ ಪ್ರೊಫೆಸರರೇ ಆಗ ತಪ್ಪಿರಬೇಕು, ಇಲ್ಲವೇ ಯಾರೋ ಗಿಡ ಬದಲಿಸಿರಬೇಕು. ಬದಲಿಸಿದ್ದರೆ ಬೀರುಗಳ ಹೊಣೆ ಕ್ಯುರೇಟರದು. ಕ್ಯುರೇಟರು ಭೂತಗನ್ನಡಿಯ ಅಣ್ಣನ ಹೆಂಡತಿ. ಅಮಾನತಾಗಿ ಮನೆಯಲ್ಲಿ ಕೂತಿದ್ದ ಅತ್ತಿಗೆಯ ಕೆಲಸ ಉಳಿಯುತ್ತದೋ ಹೋಗುತ್ತದೋ ಎನ್ನುವುದು ನಾಳೆ ಬೆಳಿಗ್ಗೆ ವಿಚಾರಣಾ ಸಮಿತಿಯ ಮುಂದೆ ತೀರ್ಮಾನವಾಗಲಿತ್ತು.

"ಸರಿ, ನಾನು ಹಾಳೆ ತಿರುಗಿಸಲ್ಲ. ನಾನೇ ತಿರುಗ್ತೀನಿ," ಎಂದಳು ಭೂತಗನ್ನಡಿ.

"ಅಂದ್ರೆ?"

"ಆ ಬಾಚಣಿಗೆ ಹಾಳೆ ಮೇಲೆ ಕೂತಿತ್ತಲ್ಲ, ಈ ಹಾಳೆ. ಇದನ್ನ ತಟ್ಟೆ ಹಿಡಿದ ಹಾಗೆ ಎತ್ತಿ ಹಿಡ್ಕೊಳ್ಳಿ. ಇನ್ನೂ ಮೇಲೆ. ನಿಮ್ಮ ತಲೆ ಮಟ್ಟಕ್ಕೆ."

ಉಪ ಕ್ಯುರೇಟರ್ ಹೆಗಲ ಮೇಲಿನ ಕೈವಸ್ತ್ರದಿಂದ ಅಂಗೈ ಒರೆಸಿಕೊಂಡು ಹಾಳೆ ಎತ್ತಿದ. ದೊಡ್ಡ ಹೋಟೆಲಿನ ಮಾಣಿಯ ಹಾಗೆ ಕಾಣುತ್ತಿದ್ದ. ಭೂತಗನ್ನಡಿ ಮಂಡಿ ಹಿಡಿದುಕೊಂಡು, "ಅಯ್ಯಪ್ಪಾ" ಎನ್ನುತ್ತ ಕೆಳಗೆ ಕುಕ್ಕರಿಸಿ, ಕತ್ತೆತ್ತಿ ನೋಡಿದಳು.

ಹಾಳೆಯ ಬೆನ್ನು ಖಾಲಿಯಾಗಿರಲಿಲ್ಲ.

ಅಲ್ಲೊಂದು ಗಿಡವಿತ್ತು. ಗಿಡವಲ್ಲ, ಗಿಡದ ನೆರಳು. ಇಸ್ತ್ರಿ ಪೆಟ್ಟಿಗೆ ಮರೆತು ಬಿಟ್ಟರೆ ಬಟ್ಟೆಯ ಮೇಲೆ ಮೂಡುವಂಥ ಕಂದು ಬಣ್ಣ. ಅಗಲವಾದ ಒಂದು ಎಲೆ, ಅದರ ಅಂಚಿನಲ್ಲಿ ಹುಳು ಕಚ್ಚಿದ ಅರ್ಧಚಂದ್ರ. ಮೇಲಕ್ಕೆದ್ದ ಹೂಗೊಂಚಲು ಒಂದಲ್ಲ, ಎರಡು.

"ಇದೇನು?"

ಅವನೂ ಬಗ್ಗಲು ಹೋಗಿ ಹಾಳೆ ಓರೆಯಾಯಿತು. ಭೂತಗನ್ನಡಿ ಅದಕ್ಕೆ ಕೈ ಕೊಟ್ಟು ಅವನಿಗೂ ನೋಡಲು ಬಿಟ್ಟಳು. ಅವನ ಮುಖ ಸಪ್ಪಗಾಯಿತು.

"ಪಾದರಸದ ವಿಷ," ಎಂದ ಮೆಲ್ಲಗೆ. "ಆಗಿನ ಕಾಲದಲ್ಲಿ ಹುಳು ಬೀಳದ ಹಾಗೆ ಗಿಡಕ್ಕೆ ಹಚ್ಚೋರು. ವರ್ಷಗಟ್ಟಲೆ ಒಂದರ ಮೇಲೊಂದು ಬಿದ್ದಿದ್ರೆ ಮೇಲಿನ ಹಾಳೆಯ ಬೆನ್ನಿಗೂ ಕಲೆ ಹತ್ತುತ್ತೆ."

"ಅಂದ್ರೆ ಇದು ಕೆಳಗಿದ್ದ ಗಿಡದ ಪಡಿಯಚ್ಚು."

"ಕೆಳಗೆ ಈಗಿರೋ ಗಿಡಕ್ಕೆ ಗೊಂಚಲು ಒಂದೇ," ಎಂದ ಅವನು, ಇನ್ನೂ ಮೆಲ್ಲಗೆ.

ಅತ್ತಿಗೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೇಳಿದ್ದು ಭೂತಗನ್ನಡಿಗೆ ನೆನಪಾಯಿತು. 'ಹಳೇ ಹಾಳೆ ಮುಟ್ಟಿದ ಕೈ ಬಾಯಿಗೆ ಇಟ್ಕೋಬೇಡ, ವಿಷ ಇರುತ್ತೆ.' ಬರೀ ಕಾಳಜಿಯ ಮಾತು ಎಂದುಕೊಂಡಿದ್ದಳು.

ಪಕ್ಕದಲ್ಲಿ ಅಳತೆಪಟ್ಟಿ ಹಿಡಿಸಿ ಆ ನೆರಳಿನ ಫೋಟೊ ತೆಗೆದಳು. ರಸ್ತೆಯಾಚೆಯ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಅದೇ ಅಳತೆಗೆ ಪಾರದರ್ಶಕ ಹಾಳೆಯ ಮೇಲೆ ಅಚ್ಚು ಹಾಕಿಸಿಕೊಂಡು ಬಂದಳು. ಮೊದಲು ಬಾಚಣಿಗೆ ಹಾಳೆಯ ಮೇಲೆ ನೇರವಾಗಿ ಇಟ್ಟಾಗ ಏನೂ ಹೊಂದಲಿಲ್ಲ. ಆಮೇಲೆ ಹಣೆ ಚಚ್ಚಿಕೊಂಡು ಪಾರದರ್ಶಕವನ್ನು ಮಗುಚಿ ಇಟ್ಟಳು. ಮುದ್ರೆ ಒತ್ತಿದ ಹಾಗೆ ಮೂಡಿದ್ದು, ಎಡ ಬಲ ಅದಲು ಬದಲಾಗಿರುತ್ತದೆ.

ಈಗ ಕೂತಿತು. ಹಳೆಯ ಎಲೆಯ ಕಲೆಯ ಮೇಲೆ ಸರಿಯಾಗಿ ಹೊಸ ಗಿಡದ ಎಲೆ. ಹಳೆಯ ಗೊಂಚಲಿನ ಜಾಗದಲ್ಲಿ ಹೊಸ ಗೊಂಚಲು. ಎರಡನೆಯ ಗೊಂಚಲು ಎಲ್ಲಿರಬೇಕಿತ್ತೋ ಅಲ್ಲಿ ಉದುರಿದ ಹೂಗಳನ್ನು ಹಾಕಿಡುವ ಕಾಗದದ ಪುಟ್ಟ ಪೊಟ್ಟಣ ಅಂಟಿಸಿತ್ತು. ಭೂತಗನ್ನಡಿ ಬ್ಯಾಟರಿಯನ್ನು ಅಡ್ಡಲಾಗಿ ಹಿಡಿದಳು. ಪೊಟ್ಟಣದ ಕೆಳ ಅಂಚಿನಿಂದ ಕೂದಲೆಳೆಯಷ್ಟು ಕಂದು ಗೆರೆ ಹೊರಗೆ ಇಣುಕುತ್ತಿತ್ತು.

"ಹೂವಿನ ತುಟಿ ನೋಡಿ," ಎಂದ ಉಪ ಕ್ಯುರೇಟರ್ ಪಾರದರ್ಶಕದ ಮೇಲೆ ಬೆರಳಿಟ್ಟು. "ಕೆಳಗಿನ ದಳ. ಅಂಚೆಲ್ಲ ಸೀಳು ಸೀಳು. ಬಾಚಣಿಗೆ ಹಲ್ಲು. ಪ್ರೊಫೆಸರ್ ತಪ್ಪಿರಲಿಲ್ಲ. ಇಲ್ಲಿದ್ದಿದ್ದು ಅಸಲಿ."

"ಬದಲಿಸಿದವರು ಎಲ್ಲ ಮುಚ್ಚಿದ್ದಾರೆ. ಬೆನ್ನೊಂದು ಬಿಟ್ಟು."

"ಬೆನ್ನು ಯಾರೂ ನೋಡಲ್ಲ ಅಂದೆನಲ್ಲ."

"ಹೊರಗಿನ ಕಳ್ಳ ಆಗಿದ್ರೆ ನೋಡ್ತಿದ್ದ. ಅವನಿಗೇನು ಪಾಠ ಹೇಳಿಕೊಟ್ಟಿರ್ತಾರೆ? ಹಿಂದೆ ಮುಂದೆ ತಿರುಗಿಸಿ ನೋಡೇ ಹೋಗ್ತಿದ್ದ." ಭೂತಗನ್ನಡಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಮಗುಚಬಾರದು ಅಂತ ಕಲಿತವರೇ ಈ ಕೆಲಸ ಮಾಡಿರೋದು. ಈ ಬೀರು ಹತ್ತಿರ ಬರೋ ಅಂಥವರು ಯಾರ್ಯಾರು?"

ಅವನು ಕೈವಸ್ತ್ರವನ್ನು ಹಿಂಡಿದ. "ನಿಮ್ಮತ್ತಿಗೆ. ನಾನು. ಪ್ರೊಫೆಸರ್. ಅವರು ನಿವೃತ್ತಿ ಆದ್ರೂ ಅವರಿಗೆ ಇಲ್ಲಿ ಬಾಗಿಲು ಮುಚ್ಚಲ್ಲ."

"ನಮ್ಮತ್ತಿಗೆ ಹೋದ್ರೆ ಆ ಕುರ್ಚಿ ನಿಮಗೇ ಅಲ್ವಾ?"

"ನಂಗಾ? ಮೇಡಂ, ಆ ಕುರ್ಚೀಲಿ ಕೂತ್ರೆ ನಿದ್ದೆ ಬರಲ್ಲ. ಈಗಿನ ಕುರ್ಚೀಲಿ ಚೆನ್ನಾಗಿ ಬರುತ್ತೆ." ನಗಲು ಹೋಗಿ ಅರ್ಧಕ್ಕೇ ಬಿಟ್ಟ. "ಒಂದು ಮಾತು ಹೇಳ್ತೀನಿ. ಪ್ರೊಫೆಸರ್ ತಪ್ಪಿದ್ರು ಅಂತ ಆಗಿದ್ದಿದ್ರೆ ನಿಮ್ಮತ್ತಿಗೆ ಪಾರಾಗ್ತಿದ್ರು. ಈಗ ಬದಲಾಗಿದೆ ಅಂತ ನೀವೇ ಸಾಬೀತು ಮಾಡಿದ ಹಾಗಾಯ್ತು. ನಾಳೆ ನೀವು ಇದನ್ನ ತೋರಿಸಿದ್ರೆ ನಾನೂ ಹೌದು ಅಂತೀನಿ. ತೋರಿಸದಿದ್ರೆ ನಾನು ಏನೂ ನೋಡಿಲ್ಲ."

ಭೂತಗನ್ನಡಿಗೆ ಅದು ಹೊಳೆದಿರಲಿಲ್ಲ ಎಂದಲ್ಲ. ಬೇರೆಯವರ ಬಾಯಲ್ಲಿ ಕೇಳಿದ ಮೇಲೂ ಪಾರದರ್ಶಕವನ್ನು ಚೀಲಕ್ಕೆ ಹಾಕಿಕೊಂಡಳು.

*

ಪ್ರೊಫೆಸರರ ಮನೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೊದಲನೆಯ ಮಹಡಿಯಲ್ಲಿತ್ತು. ಜೀವನವಿಡೀ ಗಿಡಗಳ ಹಿಂದೆ ಅಲೆದವರ ಮನೆಯಲ್ಲಿ ಒಂದೂ ಗಿಡವಿರಲಿಲ್ಲ. ಮೇಜಿನ ಮೇಲೆ ಪ್ಲಾಸ್ಟಿಕ್ ಹೂವಿತ್ತು.

"ನೀರು ಹಾಕೋ ಗೋಜಿಲ್ಲ, ಹೆಸರು ಹುಡುಕೋ ಗೋಜಿಲ್ಲ," ಎಂದರು ಅವರು, ಅವಳ ದೃಷ್ಟಿ ಅದರ ಮೇಲೆ ಬಿದ್ದುದನ್ನು ಗಮನಿಸಿ. "ಕೂತ್ಕೋ ಬಾ. ನಿಮ್ಮತ್ತಿಗೆ ಹೇಗಿದ್ದಾಳೆ?"

"ಬೀರು ಜೋಡಿಸ್ತಿದ್ದಾರೆ. ಅಡುಗೆಮನೆ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಇಟ್ಟಿದ್ದಾರೆ. ಅಣ್ಣನಿಗೆ ಉಪ್ಪು ಸಿಕ್ತಿಲ್ಲ."

ಪ್ರೊಫೆಸರ್ ನಕ್ಕರು. "ನನ್ನ ವಿದ್ಯಾರ್ಥಿಗಳಲ್ಲಿ ಅವಳಂಥ ನೆನಪು ಯಾರಿಗೂ ಇರಲಿಲ್ಲ. ಯಾವ ಬೀರು, ಯಾವ ಖಾನೆ, ಮೇಲಿಂದ ಎಷ್ಟನೇ ಹಾಳೆ, ಎಲ್ಲ ಬಾಯಲ್ಲೇ."

"ಮನೇಲೂ ಹಾಗೇನೇ. ಯಾರ ಕೊಡೆ ಯಾವ ಮೂಲೇಲಿದೆ, ಯಾರು ಯಾವತ್ತು ಯಾವ ಮಾತಂದ್ರು, ಒಂದೂ ಮರೆಯಲ್ಲ. ನಾದಿನಿಯಾದವಳು ಎಚ್ಚರದಲ್ಲಿರಬೇಕು."

ಕೂರುವಾಗ ಅವಳು ಗೋಡೆ ನೋಡಿದಳು. ಓದುವ ಕುರ್ಚಿಯ ಎದುರಿಗೆ ಒಂದು ಹೊಸ ಮೊಳೆ. ಮೊಳೆಯಲ್ಲಿ ಏನೂ ಇಲ್ಲ. ಅದರ ಕೆಳಗೆ ಒಂದು ಮೊಳದಷ್ಟು ದೂರದಲ್ಲಿ ದೂಳಿನ ಒಂದು ಅಡ್ಡಗೆರೆ. ಯಾವುದೋ ಚೌಕಟ್ಟಿನ ಕೆಳ ಅಂಚು ಗೋಡೆಗೆ ತಾಗಿ ಕೂತಿದ್ದ ಗುರುತು.

"ಅಲ್ಲೇನಿತ್ತು ಸರ್?"

"ಕ್ಯಾಲೆಂಡರು."

"ಕ್ಯಾಲೆಂಡರಿಗೆ ಇಷ್ಟು ದಪ್ಪ ಮೊಳೆಯಾ?"

"ಆ ವರ್ಷ ತಿಂಗಳುಗಳು ಭಾರವಾಗಿದ್ವು."

ಭೂತಗನ್ನಡಿ ಚೀಲದಿಂದ ಪಾರದರ್ಶಕವನ್ನು ತೆಗೆದು ಅವರ ಮುಂದಿಟ್ಟಳು. ಏನು, ಎತ್ತ ಎಂದು ಹೇಳಲಿಲ್ಲ. ಪ್ರೊಫೆಸರ್ ಕನ್ನಡಕ ಏರಿಸಿಕೊಂಡು ನೋಡಿದರು. ಅವರ ಬಲಗೈ ತಾನಾಗಿಯೇ ಎಂಬಂತೆ ಮುಂದೆ ಬಂದು ಅದನ್ನು ಮಗುಚಿತು. ಅವಳು ಹಣೆ ಚಚ್ಚಿಕೊಂಡ ಮೇಲೆ ಕಂಡುಕೊಂಡದ್ದು ಅವರಿಗೆ ನೋಡಿದ ಕೂಡಲೇ ಗೊತ್ತಿತ್ತು. ಎಲೆಯ ಅಂಚಿನ ಅರ್ಧಚಂದ್ರದ ಮೇಲೆ ಹೆಬ್ಬೆರಳು ಬಂದು ನಿಂತಿತು.

ಕೆಳಗೆ ಬಸ್ಸೊಂದು ಹಾರನ್ ಬಾರಿಸುತ್ತಲೇ ಇತ್ತು.

"ಎಲ್ಲಿ ಸಿಕ್ತು?"

"ಮೇಲಿನ ಹಾಳೆಯ ಬೆನ್ನಲ್ಲಿ."

"ಹಾಳೆ ಮಗುಚಿದ್ಯಾ?" ಶಾಲೆಯ ಮೇಷ್ಟರ ಸಿಟ್ಟು ಒಂದು ಗಳಿಗೆ ಮಿಂಚಿ ಹೋಯಿತು.

"ಇಲ್ಲ ಸರ್. ಕೆಳಗೆ ಕೂತು ನೋಡಿದೆ."

"ಹೂಂ." ಪಾರದರ್ಶಕವನ್ನು ಅವಳ ಕಡೆಗೆ ತಳ್ಳಿದರು. "ಕೇಳು. ನಾಳೆ ನಾನು ಸಮಿತಿ ಮುಂದೆ ಬರ್ತೀನಿ. ಆಗ ನಂಗೆ ವಯಸ್ಸು ಚಿಕ್ಕದು, ಅವಸರ ಜಾಸ್ತಿ, ಸಾದಾ ಗಿಡಾನ ಹೊಸದು ಅಂದ್ಕೊಂಡು ಬರೆದುಬಿಟ್ಟೆ ಅಂತೀನಿ. ಅಲ್ಲಿಗೆ ಮುಗೀತು. ನಿಮ್ಮತ್ತಿಗೆ ಮತ್ತೆ ತನ್ನ ಬೀರುಗಳ ಮಧ್ಯೆ ಹೋಗಿ ಕೂರ್ತಾಳೆ."

"ನೀವು ತಪ್ಪಿರಲಿಲ್ಲ."

"ನಾಳೆಗೆ ತಪ್ಪಿರ್ತೀನಿ."

"ನಿಮ್ಮ ಗುಡ್ಡ? ಸಾದಾ ಗಿಡ ಅಂತಾದ್ರೆ ಗಣಿಯವರು ಕಾಯ್ತಾರಾ?"

ಈ ಪ್ರಶ್ನೆ ನಾಟಿತು. ಪ್ರೊಫೆಸರ್ ಪ್ಲಾಸ್ಟಿಕ್ ಹೂವಿನ ಒಂದು ಎಲೆಯನ್ನು ನೆಟ್ಟಗೆ ಮಾಡಿದರು. ಅದು ಮತ್ತೆ ಬಾಗಿತು.

"ಅಲ್ಲಿ ಗಿಡ ಇನ್ನೂ ಇದ್ಯೋ ಇಲ್ವೋ, ನನ್ನ ಕಾಲಿಗೆ ಆ ಗುಡ್ಡ ಹತ್ತಿ ನೋಡೋ ಶಕ್ತಿ ಇಲ್ಲ. ಮನುಷ್ಯರು ಕಣ್ಣೆದುರಿಗೇ ಇದ್ದಾರೆ."

"ಯಾರನ್ನ ಕಾಪಾಡ್ತಿದ್ದೀರಿ ಸರ್? ಉಪ ಕ್ಯುರೇಟರನ್ನಾ?"

"ಅವನನ್ನ ಕಾಪಾಡೋಕೆ ಅವನ ನಿದ್ದೆ ಇದೆ."

"ಹಾಗಾದ್ರೆ ನೀವೇ ತೆಗೆದ್ರಾ? ನಿಮ್ಮ ಗಿಡ, ನಿಮ್ಮ ಆಸೆ. ಗೋಡೆಗೆ ಹಾಕ್ಕೊಂಡು ನೋಡ್ತಾ ಕೂತಿದ್ರಿ. ತಜ್ಞರು ಬಂದ್ರು ಅಂದ ಕೂಡಲೇ ಕೆಳಗಿಳಿಸಿದ್ರಿ."

ಮೊಳೆಯನ್ನು ಅವರು ನೋಡಲಿಲ್ಲ. ನೋಡದಿರುವುದಕ್ಕೆ ಪಡುತ್ತಿದ್ದ ಶ್ರಮ ಮಾತ್ರ ಅವಳಿಗೆ ಕಂಡಿತು.

"ಆ ಪ್ಲಾಸ್ಟಿಕ್ ಹಾಳೆ ಹರಿದು ಹಾಕು," ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಬೇಡಿಕೆಯಿತ್ತು. "ವಿಮಾ ಕಂಪನೀಲಿ ನೀನು ಎಷ್ಟೋ ಜನರನ್ನ ಹಿಡಿದಿದ್ದೀಯ, ಕೇಳಿದ್ದೀನಿ. ಅವರ್ಯಾರೂ ನಿನ್ನ ಮನೆಯವರಲ್ಲ. ಇಲ್ಲಿಗೆ ನಿಲ್ಲಿಸು ತಾಯಿ."

ಅವಳು ಪಾರದರ್ಶಕವನ್ನು ಮಡಿಸದೆ ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ, ತಪ್ಪೊಪ್ಪಿಗೆ ಕೇಳಿದ ಹಾಗೂ ಇಲ್ಲ, ಸುಳ್ಳು ಕೇಳಿದ ಹಾಗೂ ಇಲ್ಲ ಎನ್ನಿಸಿತು. ಕಳ್ಳತನ ಮಾಡಿದವರು ಬೆದರಿಸುತ್ತಾರೆ, ಇಲ್ಲವೇ ಅಳುತ್ತಾರೆ. ಈ ಮನುಷ್ಯ ತನ್ನ ಜೀವಮಾನದ ಒಂದೇ ದೊಡ್ಡ ಗೆಲುವನ್ನು ಸೋಲು ಎಂದು ಬರೆದುಕೊಡಲು ತಯಾರಾಗಿ ಕೂತಿದ್ದರು. ಅದೂ ಬೇರೆ ಯಾರಿಗೋಸ್ಕರ.

ಆ ಮೊಳೆಯಲ್ಲಿದ್ದದ್ದು ಗಾಜಿನ ಕಟ್ಟು ಎಂದಾದರೆ ಈ ಊರಿನಲ್ಲಿ ಅಂಥ ಕಟ್ಟು ಹಾಕುವವರು ಬೆರಳೆಣಿಕೆಯಷ್ಟು. ಕೇಳುವುದಕ್ಕೆ ದೂರ ಹೋಗಬೇಕಾಗಿಯೂ ಇರಲಿಲ್ಲ. ಅಂಥವರಲ್ಲಿ ಒಬ್ಬ ಅವಳ ಒಡಹುಟ್ಟಿದವನು.

*

ಅಣ್ಣನ ಅಂಗಡಿಯಲ್ಲಿ ಎಲ್ಲ ಗೋಡೆಗಳಿಂದಲೂ ಯಾರ್ಯಾರದೋ ಮದುವೆ ಜೋಡಿಗಳು, ಪದವಿ ಪಡೆದವರು, ತೀರಿಕೊಂಡವರು ನೋಡುತ್ತಿದ್ದರು. ಅಣ್ಣ ವಜ್ರದ ಮೊನೆಯಿಂದ ಗಾಜು ಗೀರುತ್ತಿದ್ದ. ಮರದ ಹೊಟ್ಟು ಅವನ ಹುಬ್ಬಿನ ಮೇಲೂ ಕೂತಿತ್ತು.

"ಬಂತಪ್ಪಾ ಭೂತ," ಎಂದ ತಲೆಯೆತ್ತದೆ. "ಏನಾಯ್ತೇ? ನಿಮ್ಮತ್ತಿಗೆ ಮುಖದಲ್ಲಿ ನಗು ನೋಡಿ ಎಷ್ಟು ದಿನ ಆಯ್ತು ಗೊತ್ತಾ? ಇವತ್ತು ಸಾರಿಗೆ ಸಕ್ಕರೆ ಹಾಕ್ದೆ. ಉಪ್ಪಿನ ಡಬ್ಬಿ ಯಾವ ಅಕ್ಷರದಲ್ಲಿದೆ ಅಂತ ಹುಡುಕಿ ಸಾಕಾಯ್ತು."

"ಕೇಳಿದ್ರೆ ಹೇಳ್ತಿದ್ರು."

"ಕೇಳೋಕೆ ಹೆದರಿಕೆ. ಅವಳು ಮೊದಲಿಂದಲೂ ಬೇಡ ಅಂತಾನೇ ಇದ್ಲು. ನಾದಿನಿಗೆ ಯಾಕೆ ತೊಂದರೆ, ಆಗೋದು ಆಗ್ಲಿ ಅಂದ್ಲು. ನಾನೇ ಹಟ ಮಾಡಿ ನಿನ್ನ ಎಳೆದು ತಂದಿದ್ದು." ಈಗ ತಲೆಯೆತ್ತಿದ. "ಅವಳ ಹೆಸರು ಉಳಿಯುತ್ತೆ ತಾನೇ?"

"ಅದಕ್ಕೇ ಬಂದೆ. ನಿನ್ನ ದೀಪದ ಮೇಜು ಹಚ್ಚು."

ಅಂಗಡಿಯ ಮೂಲೆಯಲ್ಲಿ ಕೆಳಗೆ ದೀಪವಿರುವ ಗಾಜಿನ ಮೇಜಿತ್ತು. ಅವಳು ಪಾರದರ್ಶಕವನ್ನು ಸರಿಯಾದ ಮಗ್ಗುಲಲ್ಲಿ ಅದರ ಮೇಲೆ ಹರಡಿದಳು. ಬೆಳಕಿನಲ್ಲಿ ನೆರಳು ಎದ್ದು ಬಂತು. ಎಲೆ, ಅರ್ಧಚಂದ್ರ, ಎರಡು ಗೊಂಚಲು, ಪುಟ್ಟ ಪುಟ್ಟ ಬಾಚಣಿಗೆಗಳು.

"ಇಂಥದ್ದಕ್ಕೆ ಯಾರಾದರೂ ಕಟ್ಟು ಹಾಕಿಸೋಕೆ..."

ಪ್ರಶ್ನೆ ಮುಗಿಸಲು ಅಣ್ಣ ಬಿಡಲಿಲ್ಲ.

"ಅರೆ! ಇದು ನಾನೇ ಕಟ್ಟು ಹಾಕಿದ ಗಿಡ ಅಲ್ವಾ!" ಅವನ ಮುಖ ಅರಳಿತು. ಒಳ್ಳೆಯ ಕೆಲಸಗಾರನಿಗೆ ತನ್ನ ಹಳೆಯ ಕೆಲಸ ಎದುರಾದಾಗ ಆಗುವ ಖುಷಿ. "ನೋಡು, ಈ ಹುಳು ಕಚ್ಚಿದ ಕಡೆ ಕತ್ತರಿಸಿ ದುಂಡಗೆ ಮಾಡ್ಲಾ ಅಂದ್ಕೊಂಡಿದ್ದೆ, ಮನಸ್ಸು ಬರಲಿಲ್ಲ. ಕಾಂಡದಲ್ಲಿ ಹಳೇ ದಾರದ ಗಂಟು ಬೇರೆ ಇತ್ತು. ಯಾವುದಕ್ಕೋ ಹೊಲಿದಿದ್ದು ಬಿಚ್ಚಿದ ಹಾಗೆ. ಗಂಟು ಬಿಡಿಸಿದ್ರೆ ಕಾಂಡ ಮುರಿಯುತ್ತೆ ಅಂತ ಹಾಗೇ ಬಿಟ್ಟೆ. ತೇಗದ ಚೌಕಟ್ಟು, ಒಳಗೆ ಬೂದು ಬಣ್ಣದ ರಟ್ಟು. ಹೋದ ವರ್ಷ ಪ್ರೊಫೆಸರರ ಹುಟ್ಟುಹಬ್ಬಕ್ಕೆ."

ಭೂತಗನ್ನಡಿ ಮೇಜಿನ ಅಂಚು ಹಿಡಿದುಕೊಂಡಳು.

"ಯಾರು ತಂದುಕೊಟ್ರು?"

"ಯಾರು ಅಂದ್ರೆ?" ಅಣ್ಣ ಮತ್ತೆ ಗಾಜಿನ ಮೇಲೆ ಬಗ್ಗಿದ. "ಒಳ್ಳೆ ಕಥೆ ಆಯ್ತು. ನೀನೇ ಕಣೇ."

"ನಾನಾ?"

"ಇನ್ಯಾರು? ನಿಮ್ಮತ್ತಿಗೆ ಆಫೀಸಿಂದ ಕೊಟ್ಟು ಕಳಿಸಿದ್ಲು ಅಂತ ತಂದು ಇಲ್ಲೇ, ಈ ಹಲಗೆ ಮೇಲೆ ಇಟ್ಟೆಯಲ್ಲ. ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದು ಕಾಲು ಮರಗಟ್ಟಿತು ಅಂತ ನನ್ನ ಬೈದಿದ್ದೂ ಮರೆತ್ಯಾ?"

ಮರೆತಿರಲಿಲ್ಲ. ನೆನಪಿಸಿಕೊಳ್ಳಲು ಕಾರಣ ಬಂದಿರಲಿಲ್ಲ, ಅಷ್ಟೆ. ಈಗ ಒಂದೊಂದೇ ಎದ್ದು ಬಂತು. ಸಂಗ್ರಹಾಲಯದ ಗೇಟು. ಅತ್ತಿಗೆ ಚಪ್ಪಲಿ ಕೂಡ ಹಾಕದೆ ಓಡಿ ಬಂದದ್ದು. ಎರಡು ರಟ್ಟುಗಳ ನಡುವೆ ಕಟ್ಟಿದ ಅಗಲವಾದ ಕಂದು ಕವರು. 'ನಮ್ಮ ಸರ್‌ಗೆ ಉಡುಗೊರೆ. ನಿಮ್ಮಣ್ಣನಿಗೆ ಕೊಟ್ಟು ಹೋಗು. ಅಡ್ಡಡ್ಡ ಹಿಡ್ಕೋ.' ಕವರು ಕೈಗಿತ್ತ ಮೇಲೂ ಅವಳ ತೋಳು ಬಿಡದೆ ಮತ್ತೊಂದು ಮಾತು ಹೇಳಿದ್ದು.

'ಎಲ್ಲೂ ಮಗುಚಬೇಡ.'

ಆವತ್ತು ಅತ್ತಿಗೆಯ ಮುಖದಲ್ಲಿ ಕಳ್ಳತನವಿರಲಿಲ್ಲ. ಮೇಷ್ಟರಿಗೆ ಒಳ್ಳೆಯ ಉಡುಗೊರೆ ಸಿಕ್ಕಿತು ಎಂಬ ಸಂಭ್ರಮವಿತ್ತು. ಕಲ್ಲುಗಣಿಯ ಸುದ್ದಿ ಆಗಿನ್ನೂ ಯಾರ ಕಿವಿಗೂ ಬಿದ್ದಿರಲಿಲ್ಲ.

"ಯಾಕೇ, ಹೀಗೆ ನಿಂತೆ?" ಎಂದ ಅಣ್ಣ. ಆಮೇಲೆ ಅವನ ದೃಷ್ಟಿ ತಂಗಿಯ ಮುಖದಿಂದ ದೀಪದ ಮೇಜಿಗೆ ಹೋಯಿತು, ಅಲ್ಲಿಂದ ಮತ್ತೆ ತಂಗಿಯ ಮುಖಕ್ಕೆ ಬಂತು. "ಆ ಕಾಣೆಯಾದ ಗಿಡ... ಎಂಥದ್ದು ಅಂದೆ ನೀನು?"

ಅವನ ಕೈ ಮಾತ್ರ ಗೆರೆ ಎಳೆಯುತ್ತ ಮುಂದುವರಿಯಿತು, ನಿಲ್ಲಿಸುವುದನ್ನು ಮರೆತ ಹಾಗೆ. ಗಾಜು ವಕ್ರವಾಗಿ ಸೀಳಿ ಎರಡಾಯಿತು.

ಅಷ್ಟರಲ್ಲಿ ಗಲ್ಲಾದ ಮೇಲಿದ್ದ ಅಣ್ಣನ ಮೊಬೈಲ್ ರಿಂಗಾಯಿತು. ಪರದೆಯ ಮೇಲೆ 'ಮನೆ' ಎಂದಿತ್ತು. ಅಣ್ಣ ಅದನ್ನು ನೋಡಿದ, ಎತ್ತಿಕೊಳ್ಳಲಿಲ್ಲ. ಭೂತಗನ್ನಡಿಯೇ ಕಿವಿಗಿಟ್ಟುಕೊಂಡಳು.

"ನಾನು ಅತ್ತಿಗೆ."

"ಓ, ಅಲ್ಲೇ ಇದ್ದೀಯಾ? ಒಳ್ಳೇದಾಯ್ತು." ಹಿಂದೆ ನಲ್ಲಿಯ ನೀರಿನ ಸದ್ದು, ಪಾತ್ರೆಗಳ ಸದ್ದು. "ಬರ್ತಾ ನಿಮ್ಮಣ್ಣನಿಗೆ ಕೊಡೆ ತರೋಕೆ ಹೇಳು. ಗರಗಸದ ಹಿಂದೆ ನಿಲ್ಲಿಸಿದ್ದಾರೆ, ಅವರಿಗೆ ನೆನಪಿರಲ್ಲ. ಏನಾದ್ರೂ ಸಿಕ್ತಾ?"

"ಅತ್ತಿಗೆ, ಒಂದು ಮಾತು ಕೇಳ್ಲಾ?"

"ಕೇಳು, ಅದಕ್ಯಾಕೆ ಅಪ್ಪಣೆ?"

ಭೂತಗನ್ನಡಿ ಅಣ್ಣನಿಗೆ ಬೆನ್ನು ಮಾಡಿ ನಿಂತಳು. ಗರಗಸದ ಹಿಂದೆ, ಅತ್ತಿಗೆ ಹೇಳಿದ ಜಾಗದಲ್ಲೇ, ಕೊಡೆ ಇತ್ತು.

"ಹೋದ ವರ್ಷ ಗೇಟಿನ ಹತ್ತಿರ ನನ್ನ ಕೈಗೊಂದು ಕವರು ಕೊಟ್ಟಿದ್ರಿ. ಅದರಲ್ಲಿದ್ದ ಗಿಡ ಎಲ್ಲಿಂದ ತೆಗೆದಿದ್ದು?"

ಆ ಕಡೆ ನಲ್ಲಿ ನಿಂತಿತು. ಪಾತ್ರೆಗಳ ಸದ್ದೂ ನಿಂತಿತು. ಆಮೇಲೆ ಅತ್ತಿಗೆಯ ದನಿ ಬಂತು, ಯಾವಾಗಿನ ಹಾಗೆಯೇ, ಒಂದಿಷ್ಟೂ ಕದಲದೆ.

"ಯಾವ ಕವರು?"